ನೋಡುವುದನ್ನೂ ಕಲಿಯಬೇಕು

ಸಿನಿಮಾ ನೋಡಿ, ಪತ್ರಿಕೆ ಓದಿ ಪರೀಕ್ಷೆ ಬರೆಯುವುದೆಂದರೆ ಸುಲಭವಲ್ಲ. ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಕಾಲೇಜುಗಳ ತರಗತಿಗಳು ಹದಿಹರೆಯದವರಿಗೆ ಕೊಡುತ್ತಿರುವುದು ಈ ಕಾಲಕ್ಕೆ ಬೇಕೇ ಬೇಕಾದ ವಿದ್ಯೆ.

ಗಂಡ ಹೆಂಡತಿ ತಾವೇ ಕಟ್ಟಿಕೊಂಡ ಮನೆ ರೈಲು ಹಳಿಯ ಮೇಲೆ ಸಿಕ್ಕಿಹಾಕಿಕೊಂಡಿದೆ. ಎಳೆದರೂ ನೂಕಿದರೂ ಅಲುಗುತ್ತಿಲ್ಲ. ದೂರದಲ್ಲಿ ರೈಲು ಕಾಣಿಸುತ್ತದೆ. ಇಬ್ಬರೂ ಪಕ್ಕಕ್ಕೆ ಓಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಮನೆಗೆ ತಾಗದೆ ಪಕ್ಕದ ಹಳಿಯಲ್ಲಿ ಸಾಗಿಹೋಗುತ್ತದೆ. ಸದ್ಯ ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಎದುರು ದಿಕ್ಕಿನಿಂದ ಬಂದ ಇನ್ನೊಂದು ರೈಲು ಮನೆಯನ್ನು ನುಚ್ಚುನೂರು ಮಾಡುತ್ತದೆ.

ಇದು ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ 1920ರ ಮೂಕಿಚಿತ್ರ ‘ಒನ್ ವೀಕ್’. ನಕ್ಕು ಮುಗಿಸಿದರೆ ಅದು ಮನರಂಜನೆ. ತರಗತಿ ಶುರುವಾಗುವುದು ನಗು ನಿಂತ ಮೇಲೆ. ಮೊದಲ ರೈಲು ಮನೆಗೆ ಗುದ್ದೇ ಗುದ್ದುತ್ತದೆ ಎಂದು ನಾವೆಲ್ಲ ನಂಬಿದ್ದೇಕೆ? ದೃಶ್ಯವನ್ನು ಮತ್ತೆ ಹಾಕಿ, ನಡುವೆ ನಿಲ್ಲಿಸಿ ನೋಡಿದರೆ ಉತ್ತರ ಸಿಗುತ್ತದೆ. ಕ್ಯಾಮೆರಾ ಇಟ್ಟ ಜಾಗದಿಂದ ಎರಡು ಹಳಿಗಳು ಬೇರೆ ಬೇರೆ ಎಂದು ತಿಳಿಯುವುದೇ ಇಲ್ಲ. ಕೀಟನ್ ಮಾತಿಲ್ಲದೆ, ಕ್ಯಾಮೆರಾ ಇಡುವ ಜಾಗವೊಂದರಿಂದಲೇ ಮೊದಲು ನಮ್ಮ ಎದೆ ನಡುಗಿಸಿದ, ಆಮೇಲೆ ನಗಿಸಿದ. ಚೌಕಟ್ಟಿನೊಳಗೆ ಏನಿದೆ ಎಂಬುದರ ಜೊತೆಗೆ ಏನನ್ನು ಹೊರಗಿಟ್ಟಿದ್ದಾರೆ ಎಂದೂ ಕೇಳಬೇಕು. ಹದಿನಾರು ವರ್ಷದ ಹುಡುಗನೋ ಹುಡುಗಿಯೋ ಈ ಪ್ರಶ್ನೆಯನ್ನು ಒಮ್ಮೆ ಕಲಿತರೆ ಮುಂದೆ ಯಾವ ಪರದೆಯನ್ನೂ ಮೊದಲಿನಂತೆ ನೋಡುವುದಿಲ್ಲ.

ಪಿಯುಸಿ ವಯಸ್ಸಿನ ಕಾಲೇಜು

ನಮ್ಮ ಎಸ್ಸೆಸ್ಸೆಲ್ಸಿಯಂತೆ ಇಂಗ್ಲೆಂಡಿನಲ್ಲಿ ಹದಿನಾರನೇ ವಯಸ್ಸಿಗೆ ಜಿಸಿಎಸ್‌ಇ ಪರೀಕ್ಷೆ. ಅದಾದ ಮೇಲಿನ ಎರಡು ವರ್ಷವೇ ಸಿಕ್ಸ್ತ್ ಫಾರ್ಮ್. ಕೆಲವರು ಓದಿದ ಶಾಲೆಯಲ್ಲೇ ಮುಂದುವರಿಯುತ್ತಾರೆ, ಕೆಲವರು ಈ ಹಂತಕ್ಕೆಂದೇ ಇರುವ ಕಾಲೇಜು ಸೇರುತ್ತಾರೆ. 1966ರಲ್ಲಿ ಲೂಟನ್ ಪಟ್ಟಣದಲ್ಲಿ ಆರಂಭವಾದದ್ದು ಇಂಥ ಕಾಲೇಜುಗಳಲ್ಲಿ ಮೊದಲಿನದು ಎಂದು ಹೆಸರಾಗಿದೆ. ಸರ್ಕಾರಿ ಅನುದಾನದ ಕಾಲೇಜುಗಳಲ್ಲಿ ಈ ವಯಸ್ಸಿನವರಿಗೆ ಬೋಧನಾ ಶುಲ್ಕವಿಲ್ಲ. ಈ ಹಂತದ ಕೊನೆಯಲ್ಲಿ ಬರೆಯುವ ಎ ಲೆವೆಲ್ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಳ್ಳುತ್ತಾರೆ. ವಿಜ್ಞಾನ, ವಾಣಿಜ್ಯ, ಕಲೆ ಎಂಬ ಗೋಡೆಗಳಿಲ್ಲದ ಕಾರಣ ಗಣಿತ, ಭೌತವಿಜ್ಞಾನಗಳ ಪಕ್ಕದಲ್ಲೇ ಸಿನಿಮಾ ಅಧ್ಯಯನವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

‘ಫಿಲ್ಮ್ ಸ್ಟಡೀಸ್’ ಮತ್ತು ‘ಮೀಡಿಯಾ ಸ್ಟಡೀಸ್’ ಎರಡು ಬೇರೆ ವಿಷಯಗಳು. 2017ರಲ್ಲಿ ಎರಡಕ್ಕೂ ಹೊಸ ಪಠ್ಯಕ್ರಮ ಬಂತು. ಶೇಕಡಾ 70 ಅಂಕ ಲಿಖಿತ ಪರೀಕ್ಷೆಗೆ, ಶೇಕಡಾ 30 ಸ್ವಂತ ನಿರ್ಮಾಣಕ್ಕೆ. ಎಡುಕಾಸ್ ಪರೀಕ್ಷಾ ಮಂಡಳಿಯ ಸಿನಿಮಾ ಪಠ್ಯದಲ್ಲಿ ಅಭ್ಯಾಸಕ್ಕಿದ್ದುದು 11 ಚಿತ್ರಗಳು. ಹಳೆಯ ಹಾಲಿವುಡ್, ಈಚಿನ ಅಮೆರಿಕ, ಬ್ರಿಟನ್, ಹೊರದೇಶಗಳು, ಸಾಕ್ಷ್ಯಚಿತ್ರ, ಮೂಕಿಚಿತ್ರ, ಪ್ರಯೋಗಾತ್ಮಕ ಚಿತ್ರ, ಎಲ್ಲದಕ್ಕೂ ಅದರಲ್ಲಿ ಜಾಗವಿತ್ತು.

ಪರೀಕ್ಷೆಯಲ್ಲಿ ಕಥೆ ಬರೆದವರಿಗೆ ಅಂಕ ಬೀಳುವುದಿಲ್ಲ. ಬೆಳಕು ಯಾವ ಕಡೆಯಿಂದ ಬಿದ್ದಿದೆ, ಕಟ್ ಎಲ್ಲಿ ಬಂದಿದೆ, ಸದ್ದು ಯಾವಾಗ ನಿಂತಿದೆ, ಅದರಿಂದ ನೋಡುವವರ ಮನಸ್ಸಿನಲ್ಲಿ ಏನಾಯಿತು ಎಂಬುದಕ್ಕೆ ದೃಶ್ಯದಿಂದಲೇ ಆಧಾರ ಕೊಡಬೇಕು. ಕಾವ್ಯದ ಒಂದು ಸಾಲನ್ನು ಬಿಡಿಸಿ ವಿವರಿಸಲು ಎಷ್ಟು ಶಿಸ್ತು ಬೇಕೋ ಇಲ್ಲಿಯೂ ಅಷ್ಟೇ ಬೇಕು.

ನಿರ್ಮಾಣದ ಭಾಗಕ್ಕೆ ನಾಲ್ಕೈದು ನಿಮಿಷದ ಕಿರುಚಿತ್ರ ಮಾಡಬಹುದು, ಇಲ್ಲವೇ ಚಿತ್ರಕಥೆ ಬರೆದು ಅದರ ಒಂದು ಭಾಗಕ್ಕೆ ಫೋಟೋಗಳ ಸ್ಟೋರಿಬೋರ್ಡ್ ಸಿದ್ಧಪಡಿಸಬಹುದು. ನಾಲ್ಕು ನಿಮಿಷ ತಾನೇ ಎಂದುಕೊಂಡವರಿಗೆ ಎಡಿಟಿಂಗ್‌ಗೆ ಕೂತಾಗ ಕಷ್ಟ ಅರಿವಾಗುತ್ತದೆ. ಎದುರುಬದುರು ಕೂತು ಮಾತಾಡುವ ಇಬ್ಬರನ್ನು ಚಿತ್ರೀಕರಿಸುವಾಗ ಅವರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿದರೆ, ಪರದೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಮೊದಲ ಶಾಟ್‌ನಲ್ಲಿ ಬಿಸಿಲು, ಮುಂದಿನದರಲ್ಲಿ ಮೋಡ. ಮೈಕಿನ ತುಂಬ ಗಾಳಿಯ ಸದ್ದು. ತಪ್ಪು ಎಲ್ಲಾಯಿತೆಂದು ಹುಡುಕಿ, ಮತ್ತೆ ಹೋಗಿ ಚಿತ್ರೀಕರಿಸಿ, ಕೊನೆಗೆ ತನ್ನ ಆಯ್ಕೆಗಳನ್ನು ತಾನೇ ಬರವಣಿಗೆಯಲ್ಲಿ ವಿಮರ್ಶೆ ಮಾಡಿಕೊಳ್ಳಬೇಕು. ಇಷ್ಟು ಪಾಡುಪಟ್ಟವರು ಇನ್ನೊಬ್ಬರ ಸಿನಿಮಾವನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ.

ಒಂದೇ ಸುದ್ದಿ, ಎರಡು ಮುಖಪುಟ

ಮೀಡಿಯಾ ತರಗತಿಯ ಮೇಜಿನ ಮೇಲೆ ಪತ್ರಿಕೆ, ಜಾಹೀರಾತು, ರೇಡಿಯೊ, ವಿಡಿಯೊ ಗೇಮ್ ಎಲ್ಲವೂ ಬರುತ್ತವೆ. ಓಸಿಆರ್ ಎಂಬ ಇನ್ನೊಂದು ಪರೀಕ್ಷಾ ಮಂಡಳಿಯ ಪಠ್ಯದಲ್ಲಿ ‘ಡೈಲಿ ಮೇಲ್’ ಮತ್ತು ‘ದಿ ಗಾರ್ಡಿಯನ್’ ಪತ್ರಿಕೆಗಳನ್ನು ಜೊತೆಗಿಟ್ಟು ಓದಿಸಿದರು. ಒಂದು ಸಂಪ್ರದಾಯವಾದಿ ಒಲವಿನದು, ಇನ್ನೊಂದು ಎಡಪಂಥೀಯ ಉದಾರವಾದದ ಕಡೆಗೆ ವಾಲಿದ್ದು. ಒಂದೇ ದಿನದ ಒಂದೇ ಸುದ್ದಿಗೆ ಎರಡು ಶೀರ್ಷಿಕೆ, ಎರಡು ಫೋಟೋ. ಪತ್ರಿಕೆಯ ಒಡೆಯರು ಯಾರು, ಹಣ ಎಲ್ಲಿಂದ ಬರುತ್ತದೆ, ಯಾವ ಓದುಗರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ ಎಂಬುದೂ ಪಾಠದ ಭಾಗವೇ.

ಇಂಥ ಪಾಠಕ್ಕೆ ಆ ದೇಶದಲ್ಲಿ ಉದ್ದದ ಇತಿಹಾಸವಿದೆ. 1933ರಲ್ಲೇ ವಿಮರ್ಶಕ ಎಫ್. ಆರ್. ಲೀವಿಸ್, ಡೆನಿಸ್ ಥಾಂಪ್ಸನ್ ಜೊತೆ ಸೇರಿ ಜಾಹೀರಾತಿನ ಮರುಳಿನಿಂದ ಮಕ್ಕಳನ್ನು ಪಾರುಮಾಡಲೆಂದು ಶಾಲೆಗಳಿಗೆ ಪುಸ್ತಕ ಬರೆದಿದ್ದರು. ಅವರಿಗೆ ಜನಪ್ರಿಯ ಸಂಸ್ಕೃತಿಯ ಬಗ್ಗೆ ಇದ್ದದ್ದು ಭಯ. ಜಮೈಕಾದಲ್ಲಿ ಹುಟ್ಟಿ ಲಂಡನ್ನಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಸ್ಟುವರ್ಟ್ ಹಾಲ್ ಈ ದಾರಿಯನ್ನು ತಿರುಗಿಸಿದರು. 1964ರಲ್ಲಿ ಪ್ಯಾಡಿ ವಾನೆಲ್ ಜೊತೆ ಬರೆದ ‘ದಿ ಪಾಪ್ಯುಲರ್ ಆರ್ಟ್ಸ್’ನಲ್ಲಿ, ಜನರು ಇಷ್ಟಪಡುವ ಸಿನಿಮಾ ಮತ್ತು ಸಂಗೀತವನ್ನೂ ಗಂಭೀರವಾಗಿ ಪರಿಶೀಲಿಸಬೇಕೆಂದು ವಾದಿಸಿದರು. ಮುಂದೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದಾಗ, ಮಾಧ್ಯಮ ಹೇಳಿದ್ದನ್ನು ಜನ ಹಾಗೇ ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ಬಿಡಬಹುದು, ಪೂರ್ತಿ ತಿರಸ್ಕರಿಸಲೂಬಹುದು ಎಂದು ವಿವರಿಸಿದರು. ಇಂದು ಎ ಲೆವೆಲ್ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅವರ ಹೆಸರು ಹೇಳಿ ಉತ್ತರ ಬರೆಯುತ್ತಾರೆ.

ಆದರೂ ಈ ವಿಷಯಗಳಿಗೆ ‘ಮಿಕ್ಕಿ ಮೌಸ್ ಕೋರ್ಸ್’, ಅಂದರೆ ಹುರುಳಿಲ್ಲದ ಓದು, ಎಂಬ ಹಣೆಪಟ್ಟಿ ತಪ್ಪಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿದಂತೆ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಒಕ್ಕೂಟವಾದ ರಸೆಲ್ ಗ್ರೂಪ್ 2011ರಲ್ಲಿ ಪ್ರವೇಶಕ್ಕೆ ‘ಅನುಕೂಲಕರ ವಿಷಯ’ಗಳ ಪಟ್ಟಿ ಹೊರಡಿಸಿದಾಗ ಇವೆರಡೂ ಅದರಲ್ಲಿರಲಿಲ್ಲ. ಆ ಪಟ್ಟಿಯನ್ನು 2019ರಲ್ಲಿ ಕೈಬಿಟ್ಟರು. ಪಟ್ಟಿ ಹೋದರೂ ಪೋಷಕರ ಅನುಮಾನ ಅಷ್ಟು ಬೇಗ ಹೋಗುವಂಥದ್ದಲ್ಲ. ಡಾಕ್ಟರ್ ಆಗಬೇಕೆನ್ನುವ ಮಗುವಿಗೆ ರಸಾಯನವಿಜ್ಞಾನ ಬಿಡಿಸಿ ಸಿನಿಮಾ ಓದಿಸಿ ಎಂದು ಯಾರೂ ಹೇಳುವುದಿಲ್ಲ. ಆದರೆ ದಿನಕ್ಕೆ ಹಲವು ಗಂಟೆ ಪರದೆಯ ಮುಂದೆ ಕಳೆಯುವ ವಯಸ್ಸಿನವರಿಗೆ ಆ ಪರದೆಯ ಬಗ್ಗೆ ಕಲಿಸುವುದು ಕಾಲಹರಣ ಎನ್ನುವುದನ್ನು ಒಪ್ಪಲಾಗದು.

ದೆಹಲಿಯ ಕಣ್ಣು, ಹೆಗ್ಗೋಡಿನ ಕಣ್ಣು

ಎಡುಕಾಸ್ ಪಠ್ಯದ ಹೊರದೇಶದ ಚಿತ್ರಗಳ ಪಟ್ಟಿಯಲ್ಲಿ ಮಣಿರತ್ನಂ ಅವರ ‘ದಿಲ್ ಸೇ’ (1998) ಸೇರಿತ್ತು. ಅವರ ಮೊದಲ ಚಿತ್ರ 1983ರ ‘ಪಲ್ಲವಿ ಅನುಪಲ್ಲವಿ’ ಕನ್ನಡದ್ದು ಎಂಬುದು ನಮಗೆಲ್ಲ ಗೊತ್ತು. ‘ದಿಲ್ ಸೇ’ಯ ನಾಯಕ ಆಕಾಶವಾಣಿಯವನು. ದೆಹಲಿಯಿಂದ ಮೈಕು ಹಿಡಿದು ಈಶಾನ್ಯಕ್ಕೆ ಹೋಗಿ, ಸ್ವಾತಂತ್ರ್ಯದ ಐವತ್ತು ವರ್ಷಗಳ ಬಗ್ಗೆ ಜನರನ್ನು ಕೇಳುತ್ತಾನೆ. ಕಥೆ ನಡೆಯುವುದು ಹೆಚ್ಚಾಗಿ ಅವನ ಕಣ್ಣಿನಲ್ಲಿ. ನಾಯಕಿಯ ನೋವು ನಮಗೆ ತಲುಪುವುದೂ ಅವನ ಮೂಲಕವೇ. ಹಾಗಾದರೆ ಈ ಚಿತ್ರ ಯಾರ ಪರವಾಗಿ ಮಾತಾಡುತ್ತಿದೆ? ಹಾಡುಗಳು ಕಥೆಯನ್ನು ತಡೆಯುತ್ತವೆಯೋ, ಪಾತ್ರಗಳು ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುತ್ತವೆಯೋ? ಇಂಗ್ಲೆಂಡಿನ ವಿದ್ಯಾರ್ಥಿಗೆ ಇದು ದೂರದ ದೇಶದ ಚಿತ್ರ. ಅಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗಾದರೆ ಮನೆಯಲ್ಲಿ ಕೇಳಿದ ಹಾಡೇ ಪಠ್ಯವಾಗಿ ಎದುರು ನಿಂತಂತೆ.

ಸಿನಿಮಾ ನೋಡುವುದನ್ನೂ ಕಲಿಯಬಹುದು ಎಂಬ ನಂಬಿಕೆ ನಮಗೂ ಹೊಸದೇನಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಸತ್ಯಜಿತ್ ರಾಯ್, ಕುರೋಸಾವಾ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟರು. ಒಳ್ಳೆಯ ಸಿನಿಮಾ ನೋಡುವುದಕ್ಕೆ ಪೇಟೆಯವರೇ ಆಗಬೇಕಿಲ್ಲ, ಅಭ್ಯಾಸವಿದ್ದರೆ ಸಾಕು ಎಂಬುದನ್ನು ಅಲ್ಲಿನ ಪ್ರೇಕ್ಷಕರು ತೋರಿಸಿಕೊಟ್ಟರು.

ಮೊಬೈಲಿಗೆ ಬಂದ ವಿಡಿಯೊ ನಿಜವೋ ಕಟ್ಟಿದ್ದೋ ಎಂದು ತಿಳಿಯದೆ ಊರೇ ಎರಡಾಗುವ ಈ ದಿನಗಳಲ್ಲಿ ನಮ್ಮ ಪಿಯು ಕಾಲೇಜುಗಳಲ್ಲೂ ವಾರಕ್ಕೊಂದು ತಾಸು ಇದಕ್ಕೆ ಮೀಸಲಾಗಬೇಕು. ಸ್ಟುಡಿಯೊ, ದುಬಾರಿ ಕ್ಯಾಮೆರಾ ಯಾವುದೂ ಬೇಡ. ಒಂದು ಪ್ರೊಜೆಕ್ಟರ್, ಐದು ನಿಮಿಷದ ದೃಶ್ಯ, ಅದನ್ನು ನಿಲ್ಲಿಸಿ ನಿಲ್ಲಿಸಿ ಪ್ರಶ್ನೆ ಕೇಳುವ ಮೇಷ್ಟರು ಇದ್ದರೆ ಆಯಿತು. ಇದನ್ನು ಯಾರು ತೆಗೆದರು, ಯಾರಿಗಾಗಿ ತೆಗೆದರು, ಏನನ್ನು ಬಿಟ್ಟರು ಎಂದು ತಾವೇ ಕೇಳಿಕೊಳ್ಳಲು ಕಲಿತ ಮಕ್ಕಳನ್ನು ದಾರಿ ತಪ್ಪಿಸುವುದು ಅಷ್ಟು ಸುಲಭವಲ್ಲ.