ಚೋಮನ ದುಡಿಯ ಸದ್ದು ನಮಗೆ ಕೇಳಿಸುತ್ತಿದೆಯೇ?

(ಪ್ರಭುವಿನ ಸ್ವರ್ಗಾರೋಹಣ ಮಹೋತ್ಸವ - ಜಾಗತಿಕ ಸಂಪರ್ಕ ಮಾಧ್ಯಮ ದಿನ. ಮೊದಲ ವಾಚನ: ಪ್ರೇಷಿತರ ಕಾರ್ಯಕಲಾಪಗಳು 1:1-11)



ಪ್ರಭುವಿನ ಸ್ವರ್ಗಾರೋಹಣದ ಮಹೋತ್ಸವದಂದೇ ಧರ್ಮಸಭೆಯು ಜಾಗತಿಕ ಸಂಪರ್ಕ ಮಾಧ್ಯಮ ದಿನವನ್ನೂ ಆಚರಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಮಾಧ್ಯಮಗಳನ್ನು ಕುರಿತು ಹೊರಡಿಸಿದ ಪತ್ರದಲ್ಲಿ ಇಂಥದೊಂದು ದಿನ ಬೇಕೆಂದು ಕೇಳಿತು. 1967ರಿಂದ ಅದು ಆಚರಣೆಯಲ್ಲಿದೆ. ಈ ದಿನ ನಾವು ಸಾಮಾನ್ಯವಾಗಿ ಟಿ.ವಿ., ಮೊಬೈಲ್‌ಗಳಿಂದ ಮಕ್ಕಳಿಗಾಗುವ ಕೇಡಿನ ಬಗ್ಗೆ ಎಚ್ಚರಿಸುತ್ತೇವೆ. ಆ ಎಚ್ಚರಿಕೆ ಬೇಕು. ಆದರೆ ಒಳ್ಳೆಯ ಕಥೆಯೊಂದು, ಒಳ್ಳೆಯ ಚಲನಚಿತ್ರವೊಂದು ನಮ್ಮೊಳಗೆ ಏನು ಮಾಡಬಲ್ಲದು ಎಂಬುದನ್ನೂ ಈ ದಿನ ಚಿಂತಿಸುವುದು ಯೋಗ್ಯ.

ಸಂಕೇತ ಎಂದರೇನು?

ರಸ್ತೆಯಲ್ಲಿ ಕೆಂಪು ದೀಪ ಕಂಡರೆ ನಿಲ್ಲುತ್ತೇವೆ. ಅದು ಬರಿಯ ಗುರುತು; ಅದಕ್ಕೆ ಒಂದೇ ಅರ್ಥ. ಆದರೆ ತೀರಿಹೋದ ತಾಯಿಯ ಸೀರೆಯನ್ನು ಮಗಳು ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡರೆ, ಅದು ಬಟ್ಟೆಯ ತುಂಡಾಗಿ ಉಳಿಯುವುದಿಲ್ಲ. ಅದರಲ್ಲಿ ತಾಯಿಯ ಪ್ರೀತಿಯಿದೆ, ದುಡಿಮೆಯಿದೆ, ಕಣ್ಣೀರಿದೆ. ಕಣ್ಣಿಗೆ ಕಾಣುವ ವಸ್ತುವೊಂದು ಕಾಣದ ಸತ್ಯವನ್ನು ಹೊತ್ತು ನಿಂತಾಗ ಅದನ್ನು ಸಂಕೇತವೆನ್ನುತ್ತೇವೆ. ಕಥೋಲಿಕರಾದ ನಮಗೆ ಇದು ಹೊಸತಲ್ಲ. ದೀಕ್ಷಾಸ್ನಾನದ ನೀರು, ಅಭ್ಯಂಗದ ಎಣ್ಣೆ, ಪಾಸ್ಕ ಮೇಣದಬತ್ತಿಯ ಬೆಳಕು, ಇವುಗಳ ನಡುವೆಯೇ ನಾವು ಬೆಳೆದಿದ್ದೇವೆ. ಹಾಗಾಗಿ ಸಂಕೇತಗಳ ಭಾಷೆಯನ್ನು ಓದುವುದು ನಮಗೆ ಸುಲಭವಾಗಬೇಕು.

ಆದರೆ ಅದನ್ನು ನಮಗೇ ಅನ್ವಯಿಸಿಕೊಳ್ಳುವುದು ಕಷ್ಟ. ದಾವೀದ ಅರಸನಿಗೂ ಅದು ಕಷ್ಟವಾಯಿತು. ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ಅರಸನ ಮುಂದೆ ಪ್ರವಾದಿ ನಾತಾನ್ ನೇರವಾಗಿ ಆಪಾದನೆ ಮಾಡಲಿಲ್ಲ; ಒಂದು ಕಥೆ ಹೇಳಿದ (2 ಸಮುವೇಲ 12). ಬಡವನೊಬ್ಬ ಮಗಳಂತೆ ಸಾಕಿದ ಒಂದೇ ಒಂದು ಕುರಿಮರಿಯನ್ನು, ಹಿಂಡುಗಟ್ಟಲೆ ದನಕುರಿಗಳಿದ್ದ ಧನಿಕನು ಕಸಿದುಕೊಂಡು ಅತಿಥಿಗೆ ಅಡಿಗೆ ಮಾಡಿಸಿದನಂತೆ. ದಾವೀದ ಕೋಪದಿಂದ ಕೆರಳಿದ. ಆ ಧನಿಕನಿಗೆ ಮರಣವೇ ತಕ್ಕ ಶಿಕ್ಷೆ ಎಂದ. ಆ ಮನುಷ್ಯ ನೀನೇ ಎಂದು ನಾತಾನ್ ಆಗ ತೋರಿಸಿಕೊಟ್ಟ. ಕಥೆ ಕೇಳುವಾಗ ನಾವು ಇನ್ನೊಬ್ಬರ ಮೇಲೆ ತೀರ್ಪು ಕೊಡುತ್ತೇವೆ, ಕೊಟ್ಟ ಮೇಲೆ ಆ ತೀರ್ಪು ನಮ್ಮದೇ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಸಾಹಿತ್ಯ ಮತ್ತು ಚಲನಚಿತ್ರಗಳ ದೊಡ್ಡ ಉಪಕಾರ ಇದೇ.

ಇದನ್ನು ಧರ್ಮಸಭೆಯೂ ಬಲ್ಲದು. ಮಹಾಸಭೆಯು 1965ರಲ್ಲಿ ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತು ನೀಡಿದ ಸಂವಿಧಾನದಲ್ಲಿ (ಸಂಖ್ಯೆ 62), ಸಾಹಿತ್ಯ ಹಾಗೂ ಕಲೆಗಳು ಮಾನವ ಸ್ವಭಾವವನ್ನೂ ಅವನ ಸಂಕಟಗಳನ್ನೂ ಶೋಧಿಸುತ್ತವೆ ಎಂದು ಗುರುತಿಸಿತು. ಸಂತ ಎರಡನೇ ಜಾನ್ ಪೌಲ್‌ರವರು 1999ರ ಪಾಸ್ಕ ಹಬ್ಬದಂದು ಕಲಾವಿದರಿಗೇ ಒಂದು ಪತ್ರ ಬರೆದರು. ಪೋಪ್ ಫ್ರಾನ್ಸಿಸ್‌ರವರು 2024ರಲ್ಲಿ, ಗುರುಗಳಾಗುವವರ ಮತ್ತು ಎಲ್ಲ ಕ್ರೈಸ್ತರ ರೂಪಣೆಯಲ್ಲಿ ಸಾಹಿತ್ಯದ ಸ್ಥಾನವೇನೆಂದು ಪ್ರತ್ಯೇಕ ಪತ್ರದಲ್ಲಿ ವಿವರಿಸಿದರು.

ನಮ್ಮ ನಾಡಿನ ಒಂದು ಕಥೆ

ಉದಾಹರಣೆಗೆ ದೂರ ಹೋಗಬೇಕಿಲ್ಲ. ಡಾ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ' ಕಾದಂಬರಿಯನ್ನು ನಮ್ಮಲ್ಲಿ ಅನೇಕರು ಓದಿದ್ದೇವೆ. ಅದನ್ನು ಆಧರಿಸಿ ಬಿ. ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಲನಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಚೋಮನಾಗಿ ಅಭಿನಯಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಕಥೆ ಸರಳವಾದುದು. ತುಳುನಾಡಿನ ಹಳ್ಳಿಯೊಂದರಲ್ಲಿ ಚೋಮ ಅಸ್ಪೃಶ್ಯನೆನಿಸಿಕೊಂಡ ಜೀತದಾಳು. ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬುದು ಅವನ ಜೀವಮಾನದ ಆಸೆ. ಅವನ ಜಾತಿಯವರಿಗೆ ಬೇಸಾಯ ಸಲ್ಲದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲೆಂದು ಇಬ್ಬರು ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ರೋಗದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ದೂರವಾಗುತ್ತಾನೆ. ಮಗಳು ಬೆಳ್ಳಿ ತೋಟದಲ್ಲಿ ದುಡಿಯಲು ಹೋಗಿ ಮಾನ ಕಳೆದುಕೊಳ್ಳುತ್ತಾಳೆ. ಆ ಬೆಲೆಗೆ ಸಾಲ ತೀರುತ್ತದೆ. ಕಿರಿಯ ಮಗ ನದಿಯಲ್ಲಿ ಮುಳುಗಿ ಸಾಯುತ್ತಾನೆ. ಕೊನೆಗೆ ಒಂಟಿಯಾದ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ದುಡಿ, ಎತ್ತು, ನದಿ

ಇದರಲ್ಲಿ ಮತ್ತೆ ಮತ್ತೆ ಕಾಣುವ ಮೂರು ವಸ್ತುಗಳನ್ನು ಗಮನಿಸೋಣ. ಮೊದಲನೆಯದು ದುಡಿ. ಧಣಿಯ ಮುಂದೆ ಚೋಮ ತಲೆಯೆತ್ತಿ ಮಾತಾಡುವಂತಿಲ್ಲ. ಅವನ ಸಿಟ್ಟು, ದುಃಖ, ಆಸೆಗಳಿಗೆ ಮಾತಿಲ್ಲ. ಆ ಮಾತೆಲ್ಲ ರಾತ್ರಿ ದುಡಿಯ ಸದ್ದಾಗಿ ಹೊರಬರುತ್ತದೆ. ಊರಿಗೆಲ್ಲ ಆ ಸದ್ದು ಕೇಳಿಸುತ್ತದೆ. ಅದರ ಅರ್ಥ ಯಾರಿಗೂ ಬೇಕಿಲ್ಲ. ಈಜಿಪ್ಟಿನಲ್ಲಿ ಜೀತದಲ್ಲಿದ್ದವರ ಗೋಳು ತನ್ನ ಕಿವಿಗೆ ಬಿದ್ದಿದೆಯೆಂದು ದೇವರು ಮೋಶೆಗೆ ತಿಳಿಸಿದ್ದನ್ನು (ವಿಮೋಚನಾಕಾಂಡ 3:7) ಇಲ್ಲಿ ನೆನೆಯಬೇಕು. ಮನುಷ್ಯರು ಗದ್ದಲವೆಂದುಕೊಂಡದ್ದು ದೇವರಿಗೆ ಪ್ರಾರ್ಥನೆಯಾಗಿ ಕೇಳಿಸುತ್ತದೆ.

ಎರಡನೆಯದು ಎತ್ತುಗಳ ಜೋಡಿ. ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದವನ್ನು ಚೋಮ ತಂದು ಸಾಕಿದ್ದಾನೆ. ಅವನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಮನಸ್ಸಿನಲ್ಲಿ ಆಸೆಯಿದೆ, ಅವಕಾಶವೊಂದೇ ಇಲ್ಲ. ಸಾಯುವ ಮುನ್ನ ಒಮ್ಮೆ ಅವನು ನೆಲವನ್ನು ಉಳುತ್ತಾನೆ, ಬಳಿಕ ಎತ್ತುಗಳನ್ನು ಕಾಡಿಗೇ ಅಟ್ಟಿಬಿಡುತ್ತಾನೆ. ದೇವರು ಕೊಟ್ಟ ಸಾಮರ್ಥ್ಯವನ್ನು ಸಮಾಜವು ಬಳಸಗೊಡದೆ ಹಾಳುಮಾಡುವುದಕ್ಕೆ ಇದಕ್ಕಿಂತ ನೋವಿನ ಚಿತ್ರ ಬೇಕೆ?

ಮೂರನೆಯದು ನದಿ. ಹುಡುಗ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆಯೆಂಬ ಕಾರಣಕ್ಕೆ ಅವನನ್ನು ಯಾರೂ ಮೇಲೆತ್ತುವುದಿಲ್ಲ. ಸಂತ ಲೂಕನ ಶುಭಸಂದೇಶದಲ್ಲಿ ಜೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡು ಆಚೆ ಮಗ್ಗುಲಿಂದ ಸಾಗಿಹೋದ ಯಾಜಕನೂ ಲೇವಿಯನೂ ಈ ದಡದಲ್ಲಿಯೇ ನಿಂತಿದ್ದಾರೆ (ಲೂಕ 10:31-32). ಅವರು ಕೆಟ್ಟವರೆಂದು ಪ್ರಭು ಎಲ್ಲಿಯೂ ಹೇಳಲಿಲ್ಲ. ಅವರು ಮುಟ್ಟಲಿಲ್ಲ, ಅಷ್ಟೇ.

ಆ ಮನುಷ್ಯ ನಾವೇ

ಇಷ್ಟು ಓದಿ ನಾವು ಆ ಊರಿನ ಮೇಲ್ಜಾತಿಯವರನ್ನು ಹಳಿದು ಪುಸ್ತಕ ಮುಚ್ಚಿದರೆ ದಾವೀದನಂತಾಗುತ್ತೇವೆ. ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ತೋಟದಲ್ಲಿ ಬೆಳ್ಳಿಗೆ ಆಸೆ ತೋರಿಸಿ ಬಲೆಗೆ ಕೆಡಹುವ ರೈಟರನ ಹೆಸರು ಮನ್ವೇಲ. ಅದು ನಮ್ಮ ಹೆಸರು. ಇಮ್ಮಾನುವೇಲ್, ಅಂದರೆ 'ದೇವರು ನಮ್ಮೊಡನೆ ಇದ್ದಾರೆ' ಎಂಬುದೇ ಅದರ ಮೂಲ. ಅಂಥ ಹೆಸರನ್ನು ಹೊತ್ತವನಿಂದಲೇ ಬಡ ಹೆಣ್ಣುಮಗಳು ಕೆಡುತ್ತಾಳೆ. ಹಾಗೆಯೇ, ಭೂಮಿ ಸಿಗಬಹುದೆಂದು ಕ್ರೈಸ್ತನಾಗುವ ಯೋಚನೆ ಚೋಮನಿಗೂ ಬರುತ್ತದೆ. ನಂಬಿದ ದೈವವನ್ನು ಬಿಡಲಾರದೆ ಅವನು ಹಿಂದೆ ಸರಿಯುತ್ತಾನೆ. ಇದನ್ನು ಓದಿ ನಾವು ನೊಂದುಕೊಳ್ಳಬೇಕಾಗಿಲ್ಲ. ರೊಟ್ಟಿ ತಿಂದು ತೃಪ್ತರಾದ ಕಾರಣಕ್ಕೆ ತನ್ನನ್ನು ಹುಡುಕಿ ಬಂದವರನ್ನು ಪ್ರಭು ಯೇಸುವೂ ತಿದ್ದಿದರು (ಯೊವಾನ್ನ 6:26). ವಿಶ್ವಾಸವು ಭೂಮಿಯ ತುಂಡಿಗೆ ಮಾರಾಟವಾಗುವ ಸರಕಲ್ಲವೆಂದು ಚೋಮ ನಮಗೇ ನೆನಪಿಸುತ್ತಾನೆ.

ಸಂವಿಧಾನದ 17ನೇ ವಿಧಿಯು 1950ರಿಂದಲೇ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯು ಉಳುವ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಿತು. ಚಿತ್ರ ತಯಾರಾದ 1975ರಲ್ಲಿಯೇ, ಅಕ್ಟೋಬರ್ 25ರಂದು, ಜೀತಪದ್ಧತಿ ಕಾನೂನಿನಿಂದ ರದ್ದಾಯಿತು. ಕಾನೂನು ಬದಲಾಯಿತು, ಹೃದಯಗಳು ಅಷ್ಟು ಬೇಗ ಬದಲಾಗಲಿಲ್ಲ. ಧರ್ಮಸಭೆಯೊಳಗೂ ಜಾತಿ ತಾರತಮ್ಯ ಉಳಿದಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು.

ಆದ್ದರಿಂದ ಕೇಳಿಕೊಳ್ಳೋಣ. ನಮ್ಮ ಮನೆಗೆಲಸಕ್ಕೆ ಬರುವವರಿಗೆ ಕಾಫಿಯ ಲೋಟ ಬೇರೆಯಿದೆಯೇ? ಅಸ್ಸಾಂ, ಜಾರ್ಖಂಡ್‌ಗಳಿಂದ ಕಾಫಿ ತೋಟಗಳಿಗೆ ಬಂದ ಕೂಲಿಕಾರರು ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತಾಗ ಅವರ ಹೆಸರನ್ನು ಯಾರಾದರೂ ಕೇಳಿದ್ದೇವೆಯೇ? ವಾರ್ಷಿಕ ಹಬ್ಬದಲ್ಲಿ ಪ್ರತಿಮೆ ಹೊರುವವರು ಯಾರು, ಪಾತ್ರೆ ತೊಳೆಯುವವರು ಯಾರು? ಮಕ್ಕಳ ಮದುವೆಯ ಮಾತು ಬಂದಾಗ ಮೊದಲು ವಿಚಾರಿಸುವುದು ವಿಶ್ವಾಸವನ್ನೋ, ಜಾತಿಯನ್ನೋ? ಗುರುಗಳಾದ ನಾವೂ ಈ ಪ್ರಶ್ನೆಗಳಿಂದ ಹೊರತಲ್ಲ; ಜೆರಿಕೋವಿನ ದಾರಿಯಲ್ಲಿ ಮೊದಲು ಆಚೆ ಹೋದವನು ಯಾಜಕನೇ.

ಗಾಯಗಳೊಡನೆ ಮೇಲೇರಿದವನು

ಇಂದಿನ ಹಬ್ಬಕ್ಕೂ ಇದಕ್ಕೂ ಏನು ಸಂಬಂಧ? ಪುನರುತ್ಥಾನವಾದ ಪ್ರಭು ಶಿಷ್ಯರಿಗೆ ತಮ್ಮ ಕೈಕಾಲುಗಳನ್ನು ತೋರಿಸಿ, ಮುಟ್ಟಿ ನೋಡಲು ಹೇಳಿದರು (ಲೂಕ 24:39-40). ಬೆಥಾನಿಯದಲ್ಲಿ ಎತ್ತಿ ಆಶೀರ್ವದಿಸಿದ್ದು ಅವೇ ಕೈಗಳನ್ನು. ಬಡಗಿಯ ಕೆಲಸದಿಂದ ಒರಟಾದ, ಮೊಳೆಗಳಿಂದ ಗಾಯಗೊಂಡ ಆ ಮಾನವ ದೇಹವನ್ನು ಬಿಟ್ಟು ಅವರು ಮೇಲೇರಲಿಲ್ಲ. ಅದರೊಡನೆಯೇ ಏರಿ ಪಿತನ ಬಲಪಾರ್ಶ್ವದಲ್ಲಿ ಆಸೀನರಾದರು. ದುಡಿದ ದೇಹ, ಜನರು ಉಗುಳಿ ಊರಾಚೆ ಕೊಂದ ದೇಹ, ದೇವರ ಮಹಿಮೆಯಲ್ಲಿದೆ. ಹೀಗಿರುವಾಗ ಮುಟ್ಟಬಾರದ ಮನುಷ್ಯನೆಂದು ಯಾರನ್ನು ಕರೆಯೋಣ? ಊರು ಚೋಮನ ಕೈಗೆ ನೇಗಿಲು ಕೊಡಲೊಲ್ಲದೆ ಹೋಯಿತು. ಅಂಥದೇ ಕೈಗಳಿಗೆ ಪಿತನು ಸಕಲ ಅಧಿಕಾರವನ್ನು ಕೊಟ್ಟಿದ್ದಾನೆ. ಆಕಾಶವನ್ನೇ ನೋಡುತ್ತಾ ನಿಂತ ಶಿಷ್ಯರನ್ನು ದೂತರು ಪ್ರಶ್ನಿಸಿದ್ದು ಇದಕ್ಕೇ. ಕಣ್ಣು ಭೂಮಿಗೆ ಇಳಿಯಬೇಕು; ಅಲ್ಲಿ ಪ್ರಭುವಿನ ಗಾಯಗಳು ಇನ್ನೂ ಇವೆ.

ಮುಂದಿನ ಸಲ ಮನೆಮಂದಿಯೆಲ್ಲ ಕುಳಿತು ಒಳ್ಳೆಯ ಚಿತ್ರವೊಂದನ್ನು ನೋಡಿದಾಗ, ಅಥವಾ ಕಿರು ಕ್ರೈಸ್ತ ಸಮುದಾಯದಲ್ಲಿ ಕಥೆಯೊಂದನ್ನು ಓದಿದಾಗ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದರಲ್ಲಿ ಮರಳಿ ಮರಳಿ ಬರುವ ವಸ್ತು ಯಾವುದು, ಅದು ಏನನ್ನು ಹೇಳುತ್ತಿದೆ? ಯಾರ ದನಿಯನ್ನು ಕಥೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ? ಈ ಕಥೆಯಲ್ಲಿ ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆ? ಮಕ್ಕಳೊಡನೆ ಹೀಗೆ ಹತ್ತು ನಿಮಿಷ ಮಾತಾಡಿದರೆ ಸಾಕು, ಮನರಂಜನೆಯು ಆತ್ಮಶೋಧನೆಯಾಗುತ್ತದೆ.

ಸ್ವರ್ಗಕ್ಕೇರಿದ ಪ್ರಭು ನಮಗೆ ಕೇಳುವ ಕಿವಿಯನ್ನೂ, ನೀರಿಗಿಳಿಯುವ ಧೈರ್ಯವನ್ನೂ, ಮುಟ್ಟುವ ಕೈಯನ್ನೂ ದಯಪಾಲಿಸಲಿ. ಆಮೆನ್.