ಅರಸರೂ ಆಡುಮಾತೂ: ಆಂಗ್ಲೋ-ಸ್ಯಾಕ್ಸನ್ ಕಾಲದ ಇಂಗ್ಲೆಂಡ್



ನಾವೆಲ್ಲ ಬದುಕು ಕಟ್ಟಿಕೊಂಡಿರುವ ಈ ಇಂಗ್ಲೆಂಡಿಗೆ ಆ ಹೆಸರು ಬಂದದ್ದೇ ವಲಸಿಗರಿಂದ. ರೋಮನ್ನರ ಆಳ್ವಿಕೆ ಮುಗಿದ ಮೇಲೆ, 5ನೇ ಶತಮಾನದಲ್ಲಿ, ಇಂದಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಜನ ಕಡಲು ದಾಟಿ ಬಂದರು. ಕೆಂಟ್, ವೆಸೆಕ್ಸ್, ಮರ್ಸಿಯಾ, ನಾರ್ತಂಬ್ರಿಯಾ ಮೊದಲಾದ ರಾಜ್ಯಗಳನ್ನು ಕಟ್ಟಿದರು.

ಆ ಸಮಾಜದಲ್ಲಿ ಅರಸನ ಕೆಳಗೆ ಥೇನ್ ಎಂಬ ಭೂಮಾಲೀಕರು, ಅವರ ಕೆಳಗೆ ಚರ್ಲ್ ಎಂಬ ಸ್ವತಂತ್ರ ರೈತರು, ತಳದಲ್ಲಿ ಗುಲಾಮರು. ಕೊಲೆಯಾದರೆ ಸತ್ತವನ ಬಂಧುಗಳಿಗೆ 'ವೆರ್‌ಗಿಲ್ಡ್' ಎಂಬ ಪರಿಹಾರ ಕೊಡಬೇಕಿತ್ತು. ವೆಸೆಕ್ಸ್‌ನಲ್ಲಿ ರೈತನ ಜೀವಕ್ಕೆ 200 ಶಿಲಿಂಗ್, ಗಣ್ಯನದಕ್ಕೆ 1200. ತಾರತಮ್ಯವೇನೋ ಹೌದು. ಆದರೆ ಸೇಡಿನ ಸರಣಿಗೆ ತಡೆ ಹಾಕುವುದು ಇದರ ಉದ್ದೇಶ. ಪಟ್ಟ ಹಿರಿಯ ಮಗನಿಗೇ ಸಲ್ಲಬೇಕೆಂಬ ಕಟ್ಟುನಿಟ್ಟೂ ಇರಲಿಲ್ಲ. 871ರಲ್ಲಿ ಅಣ್ಣ ತೀರಿಕೊಂಡಾಗ, ಅವನಿಗೆ ಮಕ್ಕಳಿದ್ದರೂ ವೆಸೆಕ್ಸ್‌ನ ಅರಸನಾದವನು ತಮ್ಮ ಆಲ್ಫ್ರೆಡ್.

ನನಗೆ ಹೆಚ್ಚು ಬೆರಗು ತರುವುದು ಈ ಅರಸರ ಭಾಷಾನೀತಿ. ಫ್ರಾಂಕರ ಅರಸರು ಲ್ಯಾಟಿನ್‌ನಲ್ಲಿ ಕಾನೂನು ಬರೆಸುತ್ತಿದ್ದಾಗ, ಕೆಂಟ್‌ನ ಎಥೆಲ್ಬರ್ಟ್ ಸುಮಾರು 600ರ ಹೊತ್ತಿಗೆ ಜನರ ಮಾತಿನಲ್ಲೇ ಬರೆಸಿದ. 878ರಲ್ಲಿ ವೈಕಿಂಗರಿಂದ ತಪ್ಪಿಸಿಕೊಂಡು ಸಾಮರ್ಸೆಟ್‌ನ ಜೌಗು ನೆಲದಲ್ಲಿ ಅಡಗಿದ್ದ ಆಲ್ಫ್ರೆಡ್, ಅದೇ ವರ್ಷ ಎಡಿಂಗ್ಟನ್ ಕದನ ಗೆದ್ದ. ಕೋಟೆಪಟ್ಟಣಗಳನ್ನು ಕಟ್ಟಿಸಿದ. ಜೊತೆಗೆ ಲ್ಯಾಟಿನ್ ಗ್ರಂಥಗಳನ್ನು ಇಂಗ್ಲಿಷಿಗೆ ತರಿಸಿ, ಅನುಕೂಲವಿರುವ ಸ್ವತಂತ್ರರ ಮಕ್ಕಳೆಲ್ಲ ಇಂಗ್ಲಿಷ್ ಓದಲು ಕಲಿಯಬೇಕೆಂದು ಬಯಸಿದ. ಅದೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರಚನೆಯಾಯಿತು. ಒಬ್ಬರನ್ನೊಬ್ಬರು ಕೇಳರಿಯದ ಇಬ್ಬರು ಅರಸರು. ದೇಶಭಾಷೆಗೆ ಸಿಕ್ಕ ಮನ್ನಣೆ ಮಾತ್ರ ಒಂದೇ ಬಗೆಯದು.

1066ರಲ್ಲಿ ನಾರ್ಮನ್ನರು ಗೆದ್ದರು. ಆಸ್ಥಾನಕ್ಕೆ ಫ್ರೆಂಚ್ ಬಂತು, ಕಡತಗಳಿಗೆ ಲ್ಯಾಟಿನ್ ಬಂತು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು ಬಂದದ್ದು 1362ರಲ್ಲಿ. ನಡುವಿನ ಸುಮಾರು 300 ವರ್ಷ ಆ ಭಾಷೆಯನ್ನು ಕಾಪಾಡಿದ್ದು ಹೊಲ, ಸಂತೆ, ಅಡುಗೆಮನೆ.

ಹಾಗೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ಇಂಗ್ಲಿಷ್ ಆಡುವವರು ಆಗಲೂ ಬಹುಸಂಖ್ಯಾತರು. ಇಲ್ಲಿ ನಾವು ಬೆರಳೆಣಿಕೆಯವರು. ನಮ್ಮ ಮಕ್ಕಳಿಗೆ ಮನೆಮಾತೊಂದೇ ಸಾಲದು, ಆಲ್ಫ್ರೆಡ್ ಬಯಸಿದಂತೆ ಓದೂ ಬೇಕು. ಅದಕ್ಕೆ ಅರಸನ ಅಪ್ಪಣೆ ಬೇಕಿಲ್ಲ. ವಾರಕ್ಕೊಂದು ಗಂಟೆ, ಮೇಜಿನ ಮೇಲೊಂದು ಕನ್ನಡ ಪುಸ್ತಕ ಇದ್ದರೆ ಶುರುಮಾಡಬಹುದು.