ಉಪ್ಪು ತೊಳೆಯುವ ಮಳೆ, ಉಪ್ಪು ಉಳಿಸಿಕೊಳ್ಳುವ ನೆಲ

ಜುಲೈನಲ್ಲಿ ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಹೋದರೆ ಕಾಲಭೈರವೇಶ್ವರನ ಗುಡಿಯೂ ಕಾಣದಷ್ಟು ಮಂಜು ಕವಿದಿರುತ್ತದೆ. ಬೆಳಿಗ್ಗೆ ಅಲ್ಲಿಂದ ಹೊರಟು ಚಿಕ್ಕಮಗಳೂರು, ಕಡೂರು, ಹೊಸದುರ್ಗ, ಹಿರಿಯೂರು ದಾಟಿದರೆ ಸಂಜೆಯೊಳಗೆ ಚಳ್ಳಕೆರೆ. ಅಲ್ಲಿ ಜಾಲಿ, ಕುರುಚಲು, ಶೇಂಗಾ ಹೊಲ, ಧೂಳು. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಬೇರೆಯಾದ ಎರಡು ಲೋಕಗಳನ್ನು ಮಾಡಿದ್ದು ಪಶ್ಚಿಮ ಘಟ್ಟ.

ಅರಬ್ಬಿ ಸಮುದ್ರದ ಮುಂಗಾರು ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಹಿಗ್ಗಿ ತಣ್ಣಗಾಗುತ್ತದೆ, ಹೊತ್ತ ತೇವವನ್ನು ಮಳೆಯಾಗಿ ಇಳಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಒತ್ತಡಕ್ಕೆ ಸಿಕ್ಕಿ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಮಳೆ ಮುಗಿದರೂ ಬೀಸು ಉಳಿದಿರುತ್ತದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವುದು ಈ ಬೀಸು. ಇನ್ನೂ ಮುಂದೆ, ಗಡಿಯಾಚೆಯ ಅನಂತಪುರ ಜಿಲ್ಲೆಯ ದರ್ಗಾ ಹೊನ್ನೂರಿನ ಸುತ್ತ, ಒಣಗಿದ ಹಗರಿಯ ಮರಳನ್ನು ಎತ್ತಿ ದಿಬ್ಬ ಕಟ್ಟುವುದೂ ಗಾಳಿಯೇ. ನದಿಪಾತ್ರದ ಆ ಮರಳಿನಿಂದಾಗಿ ಅಲ್ಲಿ ಮರುಭೂಮಿಯ ನೋಟವೇ ಇದೆ.

ಹಗರಿ ಎಂದರೆ ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾವತಿ. ಅದಕ್ಕೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ನೆರಳಿನ ಬರ ಎಂಥದ್ದೆಂದು ಈ 89 ವರ್ಷಗಳ ಅಂತರವೇ ಹೇಳುತ್ತದೆ.

ಮಳೆ ಕಡಿಮೆಯಾದಲ್ಲಿ ನೆಲದ ಉಪ್ಪು ಹೆಚ್ಚುತ್ತದೆ. ಬಂಡೆ ಸವೆದಂತೆ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಲ್ಲೆಡೆಯೂ ಬಿಡುಗಡೆಯಾಗುತ್ತವೆ. ಮಲೆನಾಡಿನ ಮಳೆ ಅವನ್ನು ತೊಳೆದು ನೇತ್ರಾವತಿ, ಹೇಮಾವತಿಗಳಿಗೆ ಸೇರಿಸುತ್ತದೆ. ಅದು ಮಣ್ಣನ್ನು ಎಷ್ಟು ತೊಳೆಯುತ್ತದೆಂದರೆ, ಹುಳಿಯಾದ ಮಣ್ಣನ್ನು ಸರಿಪಡಿಸಲು ಕಾಫಿ ಬೆಳೆಗಾರರು ತೋಟಕ್ಕೆ ಸುಣ್ಣ ಹಾಕಬೇಕಾಗುತ್ತದೆ. ಬಯಲುಸೀಮೆಯ ತಗ್ಗುಗಳಲ್ಲಿ ನೀರು ಹರಿದುಹೋಗದೆ ಅಲ್ಲೇ ಆರುತ್ತದೆ. ಲವಣ ಬಿಳಿಯ ಸವಳಾಗಿ ಮೇಲೆ ನಿಲ್ಲುತ್ತದೆ. ಉಪ್ಪಾರ ಸಮುದಾಯದ ಹಿಂದಿನವರು ಇಂಥ ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ಬಿಸಿಲಿಗೆ ಆರಿಸಿ ಅಡುಗೆಯ ಉಪ್ಪು ತೆಗೆಯುತ್ತಿದ್ದರು.

ನೀರು ಒಳಬಂದು, ಹೊರಹೋಗಲು ಬಿಸಿಲಲ್ಲದೆ ಬೇರೆ ದಾರಿ ಇಲ್ಲದಿದ್ದರೆ ಉಪ್ಪಿನ ಸರೋವರ ಹುಟ್ಟುತ್ತದೆ. ರಾಜಸ್ಥಾನದ ಸಾಂಭರ್, ಮಹಾರಾಷ್ಟ್ರದ ಲೋಣಾರ್ ಅಂಥವು. ಉಲ್ಕೆ ಬಿದ್ದು ಆದ ಲೋಣಾರ್ ಕುಳಿಯ ನೀರು 2020ರ ಜೂನ್‌ನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ಅದಕ್ಕೆ ಕಾರಣ ಉಪ್ಪನ್ನು ಇಷ್ಟಪಡುವ ಸೂಕ್ಷ್ಮಜೀವಿಗಳೆಂದು ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆ ಗುರುತಿಸಿತು. ಜಗತ್ತಿನ ಹಲವು ಉಪ್ಪು ಸರೋವರಗಳಲ್ಲಿ ಡ್ಯುನಾಲಿಯೆಲ್ಲಾ ಎಂಬ ಪಾಚಿಯೂ ಇದೇ ಕೆಲಸ ಮಾಡುತ್ತದೆ. ಕಡು ಬಿಸಿಲಿನಿಂದ ತನ್ನ ಜೀವಕೋಶವನ್ನು ಕಾಯಲು ಅದು ತಯಾರಿಸುವುದು ಬೀಟಾ ಕ್ಯಾರೊಟೀನ್, ಗಜ್ಜರಿಗೆ ಬಣ್ಣ ಕೊಡುವ ವಸ್ತುವೇ. ರಾಜಹಂಸಗಳ ಗರಿ ಕೆಂಪಾಗುವುದೂ ಆಹಾರದಲ್ಲಿ ಸಿಗುವ ಇಂಥ ವರ್ಣದ್ರವ್ಯಗಳಿಂದ.

ಸರೋವರದಲ್ಲಿ ಚೆಂದ ಕಾಣುವ ಉಪ್ಪು ಹೊಲಕ್ಕೆ ಬಂದರೆ ಬೆಳೆ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅತಿಯಾಗಿ ಹಾಯಿಸಿದ ನೀರು ಅಂತರ್ಜಲವನ್ನು ಮೇಲೆತ್ತಿ, ಅದರೊಡನೆ ಲವಣವನ್ನೂ ತಂದು ಸಾವಿರಾರು ಎಕರೆಯನ್ನು ಸವಳು ಮಾಡಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಎದುರು ನೋಡುತ್ತಿರುವ ಚಿತ್ರದುರ್ಗದ ರೈತರು ಇದನ್ನು ಮರೆಯಬಾರದು. ಹನಿ ನೀರಾವರಿಯನ್ನೇ ನೆಚ್ಚಿಕೊಳ್ಳಿ. ಹೆಚ್ಚು ನೀರು ನಿಲ್ಲುವ ಕಡೆ ಮೊದಲು ಬಸಿಗಾಲುವೆ ತೋಡಿ, ಆಮೇಲೆ ನೀರು ಹಾಯಿಸಿ.